ಟಿಡಿಎಸ್ ಕೇಳುವ ಮನೆಗಳು, ಮುಚ್ಚಳ ಇಲ್ಲದ ಸಂಪುಗಳು

ನಾನು ವಾಟರ್ ಫಿಲ್ಟರ್ ಮತ್ತು ಗೀಸರ್ ರಿಪೇರಿ ಮಾಡುತ್ತೇನೆ. ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ನವನಗರ, ಉಣಕಲ್, ರಾಯಾಪುರ, ಸತ್ತೂರು ಕಡೆಯ ಕೆಲಸವೇ ಜಾಸ್ತಿ. ಆಗಾಗ ಗದಗಿಗೂ ಹೋಗುತ್ತೇನೆ. ಯಾವ ಮನೆಗೆ ಹೋದರೂ ಚಪ್ಪಲಿ ಬಿಡುವಷ್ಟರಲ್ಲಿ ಒಂದು ಮಾತು ಬರುತ್ತದೆ: "ನಮ್ಮ ನೀರಿನ ಟಿಡಿಎಸ್ ಎಷ್ಟೈತಿ ನೋಡ್ರಿ ಮೊದ್ಲ." ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿದ ಲವಣದ ಪ್ರಮಾಣ. ಈಗ ಬಹಳ ಮನೆಗಳಲ್ಲಿ ಅದನ್ನು ಅಳೆಯುವ ಪೆನ್ನಿನಂಥ ಮೀಟರ್ ಅವರ ಹತ್ತಿರವೇ ಇರುತ್ತದೆ. ಅಂಕಿ ಕಡಿಮೆ ಬಂದರೆ ಖುಷಿ, ಜಾಸ್ತಿ ಬಂದರೆ ಗಾಬರಿ.

ಆ ಮೀಟರ್ ಮಾಡುವ ಕೆಲಸ ಬಹಳ ಸಣ್ಣದು. ನೀರಿನಲ್ಲಿ ಕರೆಂಟ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂದು ಅಳೆಯುತ್ತದೆ, ಅದರ ಮೇಲೆ ಕರಗಿದ ಲವಣ ಎಷ್ಟಿರಬಹುದು ಎಂದು ಅಂದಾಜು ಹೇಳುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ತನಕ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 2000ದ ತನಕ ನಡೆಯುತ್ತದೆ. ಅದೇ ಮಾನಕದಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಕೇಳುವುದಿಲ್ಲ. 100 ಮಿಲಿಲೀಟರ್ ನೀರಿನಲ್ಲಿ ಮಲದಿಂದ ಬರುವ ಬ್ಯಾಕ್ಟೀರಿಯಾ ಇ. ಕೋಲಿ ಒಂದೇ ಒಂದು ಸಹ ಕಾಣಬಾರದು. ಒಂದು ಕೊಡ ನೀರಿಗೆ ಒಂದು ಚಮಚ ಗಟಾರದ ನೀರು ಬೆರೆತರೆ ಟಿಡಿಎಸ್ ಮೀಟರಿನ ಅಂಕಿ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ಹೊಟ್ಟೆ ಮಾತ್ರ ಇದ್ದಲ್ಲಿ ಇರುವುದಿಲ್ಲ.

ನಮ್ಮ ಧಂದೆಯ ಒಂದು ಆಟವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮನೆ ಮನೆಗೆ ಮಾರಲು ಬರುವವರು ಎರಡು ಲೋಟ ಇಡುತ್ತಾರೆ, ಒಂದರಲ್ಲಿ ನಿಮ್ಮ ನಳದ ನೀರು, ಇನ್ನೊಂದರಲ್ಲಿ ಆರ್‌ಓ ನೀರು, ಅಂದರೆ ಮೆಂಬ್ರೇನ್ ಎಂಬ ಪೊರೆಯಲ್ಲಿ ಸೋಸಿ ಲವಣ ತೆಗೆದದ್ದು. ಕಡ್ಡಿಗಳಿರುವ ಒಂದು ಸಾಮಾನನ್ನು ಎರಡರಲ್ಲೂ ಇಳಿಸಿ ಕರೆಂಟ್ ಕೊಡುತ್ತಾರೆ. ನಿಮ್ಮ ನೀರು ಕಂದು ಬಣ್ಣಕ್ಕೆ ತಿರುಗಿ ಕೆಸರಿನಂತಾಗುತ್ತದೆ. "ನೋಡ್ರಿ ಅಕ್ಕಾರ, ಇದನ್ನ ಮಕ್ಕಳಿಗೆ ಕುಡಸ್ತೀರಿ" ಎನ್ನುತ್ತಾರೆ. ಆ ಬಣ್ಣ ಕಡ್ಡಿಯ ಕಬ್ಬಿಣದ್ದು. ಕರೆಂಟ್ ಹರಿದಾಗ ಕಬ್ಬಿಣ ಕರಗಿ ತುಕ್ಕಾಗುತ್ತದೆ. ಆರ್‌ಓ ನೀರಿನಲ್ಲಿ ಲವಣ ಇಲ್ಲವಲ್ಲ, ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಹಾಗಾಗಿ ಬಣ್ಣವೂ ಬರುವುದಿಲ್ಲ. ಅದೇ ಆರ್‌ಓ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ತೋರಿಸಲು ಹೇಳಿ, ಆಮೇಲೆ ಅವರ ಮುಖ ನೋಡಿ.

ಅವಳಿ ನಗರಕ್ಕೆ ಬರುವ ನೀರು ಹೆಚ್ಚಾಗಿ ಸವದತ್ತಿ ಹತ್ತಿರದ ನವಿಲುತೀರ್ಥದ ಮಲಪ್ರಭಾ ಜಲಾಶಯದ್ದು. ಅಮ್ಮಿನಬಾವಿಯಲ್ಲಿ ಶುದ್ಧವಾಗಿ ಬರುತ್ತದೆ. ಇಂಥ ನದಿ ನೀರಿಗೆ ಆರ್‌ಓ ಹಾಕಿ, ಒಂದು ಲೀಟರ್ ಕುಡಿಯಲು ಎರಡು ಮೂರು ಲೀಟರ್ ಬಚ್ಚಲಿಗೆ ಬಿಡುವುದು ನನಗೆ ಸರಿ ಕಾಣುವುದಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಟಿಡಿಎಸ್ 500ಕ್ಕಿಂತ ಕಡಿಮೆ ಇದ್ದ ಕಡೆ ಆರ್‌ಓ ನಿಷೇಧಿಸಿ ಎಂದು ಸರ್ಕಾರಕ್ಕೆ ಹೇಳಿತ್ತು. ಮಾರಿದರೆ ನನಗೂ ನಾಲ್ಕು ಕಾಸು ಸಿಗುತ್ತದೆ, ಆದರೂ ಹೇಳುತ್ತಿದ್ದೇನೆ. ನದಿ ನೀರಿಗೆ ಮಣ್ಣು ಕಸ ಸೋಸುವ ಒಳ್ಳೆಯ ಸೆಡಿಮೆಂಟ್ ಫಿಲ್ಟರ್ ಮತ್ತು ಬೆಳಕಿನಿಂದ ರೋಗಾಣು ಕೊಲ್ಲುವ ಯುವಿ ಇದ್ದರೆ ಸಾಕು. ಯುವಿ ದೀಪವನ್ನು ವರ್ಷಕ್ಕೊಮ್ಮೆ ಬದಲಿಸಬೇಕು, ನೀಲಿ ಬೆಳಕು ಕಂಡರೆ ದೀಪ ಚೆನ್ನಾಗಿದೆ ಎಂದು ಅರ್ಥವಲ್ಲ. ಇನ್ನು ನೀರೇ ರಾಡಿಯಾಗಿದ್ದರೆ ಯುವಿ ಕೆಲಸ ಮಾಡುವುದಿಲ್ಲ, ಬೆಳಕು ಒಳಗೆ ಹೋಗಬೇಕಲ್ಲ.

ಹಾಗಾದರೆ ನೀರು ಕೆಡುವುದೆಲ್ಲಿ? ದೊಡ್ಡ ಟ್ಯಾಂಕಿನಿಂದ ನಿಮ್ಮ ಲೋಟದ ತನಕ ಇರುವ ದಾರಿಯಲ್ಲಿ. ನಮ್ಮಲ್ಲಿ ಬಹಳ ಓಣಿಗಳಿಗೆ ನೀರು ನಾಲ್ಕೈದು ದಿನಕ್ಕೋ ವಾರಕ್ಕೋ ಒಮ್ಮೆ ಬರುತ್ತದೆ. ನಡುವಿನ ದಿನಗಳಲ್ಲಿ ಪೈಪು ಖಾಲಿ. ನೀರು ತುಂಬಿ ಒತ್ತಡ ಇದ್ದಾಗ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ. ಖಾಲಿಯಾದಾಗ ಹೊರಗಿನ ಕೊಳಕು ಅದೇ ಬಿರುಕಿನಿಂದ ಒಳಗೆ ಬರುತ್ತದೆ. 2008ರಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ 24 ಗಂಟೆ ನೀರು ಕೊಟ್ಟರು. ಆಮೇಲೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿಗೇ ಬಂದು ಎರಡೂ ಬಗೆಯ ನಳಗಳ ನೀರನ್ನು ಹೋಲಿಸಿದರು. 2013ರಲ್ಲಿ ಅದು ಪ್ರಕಟವಾಯಿತು. ಬಿಟ್ಟು ಬಿಟ್ಟು ಬರುವ ನಳಗಳಲ್ಲಿ ಕೊಳಕು ಜಾಸ್ತಿ ಸಿಕ್ಕಿತ್ತು. ನೀರು ಬಿಟ್ಟ ಮೊದಲ ಹೊತ್ತಿನಲ್ಲಿ ಮತ್ತು ಒತ್ತಡ ಬಿದ್ದಾಗ ಅದು ಇನ್ನೂ ಹೆಚ್ಚು ಎಂದು ಅವರೇ ಆಮೇಲೆ ತೋರಿಸಿದರು.

ಇದನ್ನು ಕೇಳಿ ನನಗೇನೂ ಆಶ್ಚರ್ಯ ಆಗಲಿಲ್ಲ. ನಮ್ಮ ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರೊಳಗಿನ ಪೈಪಿನ ಜಾಯಿಂಟ್ ಎಷ್ಟು ದಿನ ತಡೆದೀತು? ಇನ್ನು ಮನೆಗೆ ಬರುವ ಕನೆಕ್ಷನ್ ಪೈಪನ್ನು ನೋಡಿ. ರಸ್ತೆಯಿಂದ ಮನೆಗೆ ಬರುವಾಗ ಅದು ಗಟಾರ ದಾಟಲೇಬೇಕು. ಎಷ್ಟೋ ಕಡೆ ಗಟಾರದ ಮೇಲೆ ಹೋಗದೆ ಗಟಾರದ ಒಳಗೇ ಮಲಗಿರುತ್ತದೆ. ಒಂದು ಓಣಿಯಿಂದ ಅಕ್ಕಪಕ್ಕದ ಮನೆಯವರೆಲ್ಲ ಫೋನ್ ಮಾಡಿ "ಫಿಲ್ಟರ್ ಕೆಟ್ಟೈತಿ, ವಾಸನಿ ಬರಾಕತ್ತೈತಿ" ಅಂದರು. ಎಲ್ಲರ ಫಿಲ್ಟರೂ ಒಂದೇ ವಾರ ಕೆಡುತ್ತವೆಯೇ? ಫಿಲ್ಟರ್ ಬಿಚ್ಚದೆ ಗಟಾರದ ಕಲ್ಲು ಎತ್ತಿಸಿದೆ. ಹಳೆಯ ಜಿಐ ಪೈಪು ಕೊಳಕಿನಲ್ಲೇ ಮುಳುಗಿ ತುಕ್ಕು ಹಿಡಿದು ತೂತಾಗಿತ್ತು. ಆ ಭಾಗಕ್ಕೆ ಹೊಸ ಪೈಪು ಹಾಕಿ, ಅದರ ಸುತ್ತ ಇನ್ನೊಂದು ದಪ್ಪ ಪಿವಿಸಿ ಕವಚ ಹಾಕಿ, ಗಟಾರದ ಮೇಲಿಂದ ತಂದರು. ಖರ್ಚು ಒಂದು ಆರ್‌ಓ ಮೆಂಬ್ರೇನಿಗಿಂತ ಕಡಿಮೆ ಬಂತು.

ನಳಕ್ಕೆ ನೇರ ಮೋಟಾರ್ ಹಚ್ಚುವುದು ಇದಕ್ಕಿಂತ ಕೆಟ್ಟದ್ದು. ಎಳನೀರಿಗೆ ಸ್ಟ್ರಾ ಹಾಕಿ ಎಳೆದಂತೆ ಅದು ಇಡೀ ಓಣಿಯ ಪೈಪನ್ನು ಎಳೆಯುತ್ತದೆ, ಬಿರುಕಿನ ಹತ್ತಿರ ಏನಿದೆಯೋ ಅದೂ ಬರುತ್ತದೆ. ಇದನ್ನು ಹೇಳಿದರೆ ಒಬ್ಬ ಕಾಕಾ ನನಗೇ ತಿರುಗಿ ಕೇಳಿದರು: "ಎಲ್ಲಾರೂ ಹಚ್ಚ್ಯಾರಪಾ. ನಾ ಒಬ್ಬಾಂವ ಬಿಟ್ರ ನನಗ ಹನಿ ನೀರು ಬರೂದಿಲ್ಲ. ಏನ್ ಮಾಡ್ಲಿ?" ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಓಣಿಯವರೆಲ್ಲ ಒಟ್ಟಿಗೆ ಬಿಟ್ಟರೆ ಮಾತ್ರ ಆಗುವ ಕೆಲಸ ಅದು. ಒಬ್ಬರಿಂದ ಆಗುವುದು ಇಷ್ಟು: ನೀರು ತಾನಾಗಿ ಸಂಪಿಗೆ ಇಳಿಯುವಂತೆ ಮಾಡಿ, ಸಂಪಿನಿಂದ ಮೇಲಕ್ಕೆ ಮೋಟಾರ್ ಹಚ್ಚಿ. ಮತ್ತೆ ನಳ ಬಂದ ಕೂಡಲೇ ಮೊದಲ ನೀರನ್ನು ಸಂಪಿಗೆ ಬಿಡಬೇಡಿ. ಗಿಡಕ್ಕೆ ಬಿಡಿ, ಅಂಗಳ ತೊಳೆಯಿರಿ, ತಿಳಿಯಾದ ಮೇಲೆ ತುಂಬಿಸಿ.

ಸಂಪಿನ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಮಾರ್ಬಲ್ ಹಾಕಿದ ಮನೆ, ಪೋರ್ಚಿನಲ್ಲಿ ಕಾರು, ಅದರ ಪಕ್ಕ ಸಂಪಿನ ಬಾಯಿಗೆ ಒಂದು ಒಡೆದ ಕಡಪಾ ಕಲ್ಲು. 30-40 ಸೈಟಿನಲ್ಲಿ ಜಾಗ ಇಲ್ಲದೆ ಸಂಪು ಮತ್ತು ಒಳಚರಂಡಿಯ ಚೇಂಬರ್ ಒಂದು ಮಾರು ದೂರದಲ್ಲಿರುತ್ತವೆ. ಚೇಂಬರ್ ಕಟ್ಟಿಕೊಂಡು ಉಕ್ಕಿದರೆ ಅದು ಹೋಗುವುದು ಎಲ್ಲಿಗೆ? ಸಂಪಿನ ಬಾಯಿಯ ಕಟ್ಟೆಯನ್ನು ನೆಲದಿಂದ ಅರ್ಧ ಅಡಿಯಾದರೂ ಎತ್ತರಿಸಿ, ಬೀಗ ಹಾಕುವ ಕಬ್ಬಿಣದ ಮುಚ್ಚಳ ಹಾಕಿಸಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಬೇರೆಲ್ಲ ಕೆಲಸ ಬಿಟ್ಟು ಇದನ್ನು ಮೊದಲು ಮಾಡಿ. ಮಗು ಮುಳುಗಲು ಆಳವಾದ ನೀರೇ ಬೇಕೆಂದಿಲ್ಲ.

ವಾರಗಟ್ಟಲೆ ನೀರು ತುಂಬಿಡುವುದರಲ್ಲಿ ಇನ್ನೂ ಎರಡು ತೊಂದರೆ ಇವೆ. ನೀರಿನ ಜೊತೆ ಬಂದ ಕ್ಲೋರಿನ್ ಒಂದೆರಡು ದಿನದಲ್ಲಿ ಕರಗಿಹೋಗುತ್ತದೆ. ನಳದಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು ಎನ್ನುತ್ತದೆ ಮಾನಕ. ಸಂಪಿನ ನೀರಿಗೆ ನಾನು ಕ್ಲೋರಿನ್ ಪರೀಕ್ಷೆಯ ಹನಿ ಹಾಕಿದಾಗ ಎಷ್ಟೋ ಸಲ ಬಣ್ಣವೇ ಬರುವುದಿಲ್ಲ, ಅಂದರೆ ಕ್ಲೋರಿನ್ ಉಳಿದಿಲ್ಲ. ಎರಡನೆಯದು ಡೆಂಗಿಯ ಸೊಳ್ಳೆ. ಅದಕ್ಕೆ ಬೇಕಾದದ್ದು ಇಂಥ ನಿಂತ ತಿಳಿ ನೀರೇ, ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ನಮ್ಮ ನಳದ ಪಾಳಿಗೂ ಅದಕ್ಕೂ ಚೆನ್ನಾಗಿಯೇ ಹೊಂದುತ್ತದೆ! 1000 ಲೀಟರ್ ನೀರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಸುಮಾರು 2.5 ಗ್ರಾಂ ಸಾಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕುಳಿತ ಮೇಲೆ ಮೇಲಿನ ತಿಳಿಯನ್ನು ಹಾಕಿ ಒಂದು ತಾಸು ಬಿಡಿ. ಪೊಟ್ಟಣ ತೆರೆದಿಟ್ಟರೆ ಪೌಡರಿನ ಶಕ್ತಿ ಹೋಗುತ್ತದೆ, ಕಳೆದ ವರ್ಷದ್ದು ಸುಮ್ನೆ ಸುಣ್ಣ ಹಾಕಿದ ಹಾಗೆ.

ಸಂಪು ತೊಳೆಯಲು ಮನೆಯವರೇ ಇಳಿಯುವುದನ್ನು ನೋಡುತ್ತೇನೆ. ಬಹಳ ದಿನ ಮುಚ್ಚಿದ್ದ ಸಂಪಿನೊಳಗೆ ಉಸಿರಾಡುವ ಗಾಳಿ ಕಡಿಮೆ ಇರಬಹುದು. ಇಳಿದವರು ಬೀಳುತ್ತಾರೆ, ಎತ್ತಲು ಇಳಿದವರೂ ಬೀಳುತ್ತಾರೆ. ಮುಚ್ಚಳ ತೆಗೆದು ಬಹಳ ಹೊತ್ತು ಗಾಳಿಗೆ ಬಿಡಿ, ಮೇಲೆ ಒಬ್ಬರು ಹಗ್ಗ ಹಿಡಿದು ನಿಲ್ಲಲಿ. ಪೆಟ್ರೋಲಿನಿಂದ ಓಡುವ ನೀರೆತ್ತುವ ಪಂಪನ್ನು ಒಳಗೆ ಇಳಿಸಬೇಡಿ, ಅದರ ಹೊಗೆ ವಿಷ. ಕರೆಂಟ್ ಮೋಟಾರ್ ಆದರೆ ಮನುಷ್ಯ ಇಳಿಯುವ ಮೊದಲು ಪ್ಲಗ್ಗನ್ನೇ ಕಿತ್ತಿಡಿ, ಸ್ವಿಚ್ ಆಫ್ ಮಾಡಿದ್ದು ಸಾಲದು.

ಇನ್ನು ಗೀಸರ್. ನಳ ಬಾರದ ದಿನ ಬೋರಿನ ನೀರೇ ಗತಿ. ನಮ್ಮ ಕಡೆಯ ಬೋರಿನ ನೀರು ಬಹಳ ಕಡೆ ಗಡಸು. ಅದನ್ನು ಕಾಯಿಸಿದಾಗ ಕಾಯಿಲ್ ಮೇಲೆ ಬಿಳಿ ಪದರು ಕಟ್ಟುತ್ತದೆ. ಆ ಪದರು ಬಿಸಿಯನ್ನು ನೀರಿಗೆ ಬಿಡುವುದಿಲ್ಲ, ಕಾಯಿಲ್ ಒಳಗೊಳಗೇ ಕಾದು ಸಿಡಿಯುತ್ತದೆ. ಸಿಡಿದ ಮೇಲೂ ಕೆಲವೊಮ್ಮೆ ನೀರು ಕಾಯುತ್ತಲೇ ಇರುತ್ತದೆ, ಆದರೆ ಈಗ ನೀರಿಗೆ ಕರೆಂಟ್ ಇಳಿಯುತ್ತಿರುತ್ತದೆ. "ನಳ ಮುಟ್ಟಿದ್ರ ಸಣ್ಣಂಗ ಜುಮ್ ಅಂತೈತ್ರಿ, ಏನೂ ಆಗೂದಿಲ್ಲ" ಎಂದು ನಗುತ್ತಾ ಹೇಳುವ ಮನೆಗಳಿವೆ. ಅರ್ಥಿಂಗ್ ಸ್ವಲ್ಪ ಇದೆ, ಹಾಗಾಗಿ ಜುಮ್ ಅನ್ನುತ್ತದೆ ಅಷ್ಟೇ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದರೆ ಅದೂ ಹೋಗುತ್ತದೆ. ಜುಮ್ ಅಂದ ದಿನವೇ ಗೀಸರ್ ಬಂದ್ ಮಾಡಿ. ಎಂಸಿಬಿ ಇದೆಯಲ್ಲ ಎನ್ನಬೇಡಿ, ಅದು ಇಂಥ ಸಣ್ಣ ಸೋರಿಕೆಯನ್ನು ಹಿಡಿಯುವುದಿಲ್ಲ. ಸೋರಿಕೆ ಕಂಡ ಕೂಡಲೇ ಕರೆಂಟ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು. ಅದರ ಮೇಲೆ ಟೆಸ್ಟ್ ಬಟನ್ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡಿ.

ಅದೇ ಬಿಳಿ ಪದರು ಸೇಫ್ಟಿ ವಾಲ್ವಿಗೂ ಹಿಡಿಯುತ್ತದೆ. ವಾಲ್ವ್ ಹನಿ ಹನಿ ಸೋರುತ್ತದೆ ಎಂದು ಅದರ ಬಾಯಿಗೆ ಡಮ್ಮಿ, ಅಂದರೆ ತೂತಿಲ್ಲದ ಮುಚ್ಚಳ ಹಾಕಿ ಬಿಗಿದ ಮನೆಗಳನ್ನು ಕಂಡಿದ್ದೇನೆ. ಥರ್ಮೋಸ್ಟ್ಯಾಟ್ ಕೈ ಕೊಟ್ಟ ದಿನ ಒತ್ತಡ ಹೋಗಲು ಇರುವ ಮುಖ್ಯ ದಾರಿ ಅದೇ. ಡಮ್ಮಿ ಕಂಡರೆ ನಾನು ದುಡ್ಡು ತಗೊಳ್ಳದೆ ಕಿತ್ತು ಹೊಸ ವಾಲ್ವ್ ಹಾಕಲು ಹೇಳುತ್ತೇನೆ. ಗ್ಯಾಸ್ ಗೀಸರ್ ಇದ್ದರೆ ಸಿಲಿಂಡರು ಮತ್ತು ಗೀಸರ್ ಎರಡೂ ಬಚ್ಚಲ ಹೊರಗಿರಲಿ. ಅದರ ಹೊಗೆಯಲ್ಲಿನ ವಿಷದ ಗಾಳಿಗೆ ವಾಸನೆ ಬಣ್ಣ ಇರುವುದಿಲ್ಲ, ಸ್ನಾನಕ್ಕೆ ಹೋದವರು ಹೊರಗೆ ಬರುವುದಿಲ್ಲ.

ಗದಗಿನ ಕಡೆ ಲೆಕ್ಕ ಬೇರೆ. ಗದಗ-ಬೆಟಗೇರಿಗೆ ತುಂಗಭದ್ರೆಯ ನೀರು ಬರುತ್ತದೆ, ಅದಕ್ಕೆ ಮೇಲೆ ಹೇಳಿದ್ದೇ ಸಾಕು. ಆದರೆ ಮುಂಡರಗಿ, ರೋಣದ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಮಾನಕದಲ್ಲಿ ಅದಕ್ಕೆ ಲೀಟರಿಗೆ 1 ಮಿಲಿಗ್ರಾಂ, ಬಹಳ ಎಂದರೆ 1.5. ಟಿಡಿಎಸ್ ಮೀಟರ್ ಇದನ್ನು ಬೇರೆಯಾಗಿ ತೋರಿಸುವುದಿಲ್ಲ. ಕುದಿಸಿದರೆ ಹೋಗುವುದೂ ಇಲ್ಲ, ನೀರು ಆವಿಯಾದಷ್ಟು ಉಳಿದ ನೀರಿನಲ್ಲಿ ಫ್ಲೋರೈಡಿನ ಪ್ರಮಾಣ ಹೆಚ್ಚುತ್ತದೆ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿ ಕಂಡರೆ ಬೋರಿನ ನೀರು ಕುಡಿಸುವುದು ಬಿಡಿ. ಇಲ್ಲಿ ಆರ್‌ಓ ಹಾಕಿ ಎಂದು ನಾನೇ ಹೇಳುತ್ತೇನೆ. ಮನೆಗೆ ಆಗದಿದ್ದರೆ ಊರಿನ ಶುದ್ಧ ನೀರಿನ ಘಟಕದಿಂದ ಕುಡಿಯಲು ಮತ್ತು ಅಡುಗೆಗೆ ತನ್ನಿ. ಸ್ನಾನಕ್ಕೆ, ಬಟ್ಟೆಗೆ ಬೋರಿನದೇ ನಡೆಯುತ್ತದೆ.

ಈಗ ನನ್ನ ಚೀಲದಲ್ಲಿ ಎಚ್2ಎಸ್ ಬಾಟಲಿಗಳೂ ಇರುತ್ತವೆ. ಗುರುತಿನ ತನಕ ನೀರು ತುಂಬಿ ಒಂದು ಕಡೆ ಇಟ್ಟರೆ, ಮಲದ ಕೊಳಕು ಸೇರಿದ್ದ ನೀರು ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಅಡುಗೆ ಮನೆಯ ಕಟ್ಟೆಯ ಮೇಲೆ ಇಟ್ಟು ಬರುತ್ತೇನೆ, ಮರುದಿನ ಅವರೇ ಫೋನ್ ಮಾಡುತ್ತಾರೆ. ಕಪ್ಪಾದರೆ ಮುಂದೆ ಲ್ಯಾಬಿಗೆ ಕೊಡಬೇಕು. ಅದಕ್ಕೆ ಮನೆಯ ಬಿಸ್ಲೆರಿ ಬಾಟಲಿ ತರಬೇಡಿ, ಲ್ಯಾಬಿನವರು ಕೊಡುವ ಬಾಟಲಿಯನ್ನೇ ತಗೊಳ್ಳಿ. ನಳದ ಬಾಯಿ ಒರೆಸಿ, ಒಂದೆರಡು ನಿಮಿಷ ನೀರು ಹರಿಯಲು ಬಿಟ್ಟು ತುಂಬಿ, ಮುಚ್ಚಳದ ಒಳಬದಿ ಮುಟ್ಟಬೇಡಿ. ಐಸ್ ಇಟ್ಟ ಡಬ್ಬಿಯಲ್ಲಿ ಅದೇ ದಿನ ತಲುಪಿಸಿ. ಬ್ಯಾಕ್ಟೀರಿಯಾ ಬೆಳೆಯಲು ಅವರಿಗೂ ಒಂದೆರಡು ದಿನ ಬೇಕು, ಅದಕ್ಕೆ ಶನಿವಾರ ಒಯ್ಯದೆ ಸೋಮವಾರ ಬೆಳಿಗ್ಗೆ ಒಯ್ಯಿರಿ. ನಳದ್ದೊಂದು, ಸಂಪಿನದೊಂದು, ಎರಡೂ ಕೊಡಿ. ನಳದ್ದು ಚೆನ್ನಾಗಿದ್ದು ಸಂಪಿನದು ಕೆಟ್ಟಿದ್ದರೆ ರಿಪೇರಿ ನಿಮ್ಮ ಕಾಂಪೌಂಡಿನ ಒಳಗೇ ಇದೆ. ಎರಡೂ ಕೆಟ್ಟಿದ್ದರೆ ಆ ವರದಿ ಹಿಡಿದುಕೊಂಡು, ಪಕ್ಕದ ಮನೆಯವರನ್ನೂ ಕರೆದುಕೊಂಡು ದೂರು ಕೊಡಲು ಹೋಗಿ.