ಬಾಣಂತಿ ಪಥ್ಯ, ಪೈಲ್ಸ್ ಮತ್ತು ಒಂದು ಫ್ಲಾಸ್ಕ್ ನೀರು

ಮಗಳು ಹುಟ್ಟಿ 12ನೇ ದಿನ. ಬೆಳಗ್ಗೆ ಕಕ್ಕಸಿಗೆ ಹೋದವಳು ಅರ್ಧ ಗಂಟೆಯಾದರೂ ಆಚೆ ಬಂದಿರಲಿಲ್ಲ. ಒಳಗೆ ಗೋಡೆ ಹಿಡಿದುಕೊಂಡು ಅಳುತ್ತಿದ್ದೆ. ಹೆರಿಗೆ ನೋವಾದರೂ ಒಂದು ಸಲಕ್ಕೆ ಮುಗಿಯಿತು, ಇದು ದಿನಾ ಹೆರೋದು. ರಕ್ತ ಕಂಡಾಗ ಮೊದಲು ಬಾಣಂತಿಯರಿಗೆ ಹೋಗುವುದೇ ಇರಬೇಕು ಅಂದುಕೊಂಡೆ. ಅಲ್ಲ, ಇದು ಕೆಂಪಗೆ ಹೊಸ ರಕ್ತ, ಕೈಗೆ ದ್ರಾಕ್ಷಿಯಷ್ಟು ಒಂದು ಗಂಟೂ ಸಿಕ್ಕಿತು.

ಅರಸೀಕೆರೆ ಹತ್ತಿರದ ನಮ್ಮ ಮನೆಯಲ್ಲಿ ಬಾಣಂತಿ ಊಟ ಅಂದರೆ ಬಿಸಿ ಅನ್ನ, ಮೆಣಸು ಬೆಳ್ಳುಳ್ಳಿ ಸಾರು, ತುಪ್ಪ, ಒಂದು ಚೂರು ಒಣಕೊಬ್ಬರಿ. ಸೊಪ್ಪು ಅಂದರೆ ಸಬ್ಬಸಿಗೆ ಮಾತ್ರ, ಅದೂ ಹಾಲಾಗಲಿ ಅಂತ ಎರಡು ಚಮಚ ಪಲ್ಯ. ಹಣ್ಣು ಶೀತ. ಮುದ್ದೆ ತಂಪು. ಮೊಸರಿನ ಹೆಸರೇ ಎತ್ತುವಂತಿಲ್ಲ. ನೀರು ದಿನಕ್ಕೆ ಎರಡು ಲೋಟ, ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತಂತೆ. ಇದರ ಮೇಲೆ ರಕ್ತ ಕಡಿಮೆ ಇದೆ ಅಂತ ಕೊಟ್ಟಿದ್ದ ಕಬ್ಬಿಣದ ಮಾತ್ರೆ ಬೇರೆ. ಕುಡಿದ ಎರಡು ಲೋಟವೂ ಹಾಲಾಗಿ ಮಗುವಿಗೇ ಹೋಗುತ್ತಿತ್ತು. ಇನ್ನು ಮಲ ಕಲ್ಲಾಗದೆ ಏನಾಗುತ್ತೆ ಹೇಳಿ?

ಅಮ್ಮನಿಗೆ ಹೊಲಿಗೆ ನೋಯ್ತಿದೆ ಅಂತ ಸುಳ್ಳು ಹೇಳಿ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ನೋಡಿ, ಪೈಲ್ಸ್ ಅಷ್ಟೇ ಅಂದರು. ಬಸುರಿಯಲ್ಲಿ ಗರ್ಭದ ಭಾರಕ್ಕೆ ಅಲ್ಲಿನ ರಕ್ತನಾಳ ಉಬ್ಬುತ್ತದಂತೆ, ಹೆರುವಾಗ ತಿಣುಕಿದ್ದಕ್ಕೆ ಹೊರಗೆ ಬಂದಿದೆ. 8ನೇ ತಿಂಗಳಲ್ಲೇ ತುರಿಕೆ ಶುರುವಾಗಿತ್ತು ಅಂದೆ. ಆಗಲೇ ಯಾಕೆ ಹೇಳಲಿಲ್ಲ ಅಂತ ಕೇಳಿದರು. ಏನಂತ ಹೇಳಲಿ?

"ಆಪರೇಷನ್ ಬೇಕಾ ಡಾಕ್ಟ್ರೇ?"

"ಮೊದಲು ನೀರು ಕುಡೀರಿ ಕಣಮ್ಮಾ."

ದಿನಕ್ಕೆ 10 ಲೋಟ ನೀರು, ಎರಡೂ ಹೊತ್ತು ಸೊಪ್ಪು ತರಕಾರಿ, ಹಣ್ಣು, ರಾತ್ರಿ ಇಸಬ್‌ಗೋಲ್, ಬೆಚ್ಚನೆ ನೀರಿನ ಟಬ್‌ನಲ್ಲಿ 10-15 ನಿಮಿಷ ಕೂರೋದು. ಮಾತ್ರೆ ನಿಲ್ಲಿಸಬೇಡಿ, ವಾರದಲ್ಲಿ ರಕ್ತ ನಿಲ್ಲದಿದ್ದರೆ ವಾಪಸ್ ಬನ್ನಿ ಅಂದರು.

ಈಗ ಅಮ್ಮನಿಗೆ ಹೇಳಲೇಬೇಕಾಯಿತು, ಯಾಕಂದರೆ ಅಡುಗೆಮನೆ ಅವಳದು. ಹೇಳಿದೆ. ಅಮ್ಮ ಬೆಳ್ಳುಳ್ಳಿ ಸುಲಿಯುತ್ತಾ ತಲೆ ಎತ್ತದೆ, "ನಿನ್ನ ಹೆತ್ತಾಗ ನನಗೂ ಹಿಂಗೇ ಆಗಿತ್ತು" ಅಂದಳು. ಏನು ಮಾಡ್ದೆ ಅಂತ ಕೇಳಿದ್ದಕ್ಕೆ, "ಏನ್ ಮಾಡೋದು, ತಡ್ಕೊಂಡೆ."

ಹಾಗಂತ ಪಥ್ಯ ಸಡಿಲ ಆಯಿತು ಅಂದ್ಕೋಬೇಡಿ. ಬಿಸಿನೀರಿನ ಟಬ್‌ಗೆ ತಕ್ಷಣ ಒಪ್ಪಿದಳು, ಬಿಸಿನೀರು ಅಂದರೆ ಅವಳಿಗೆ ಯಾವತ್ತೂ ತಕರಾರಿಲ್ಲ. ಕುಡಿಯುವ ನೀರಿಗೆ ಎರಡು ದಿನ ಜಗಳ. ಕೊನೆಗೆ ಕಾಯಿಸಿದ ನೀರಾದರೆ ಸರಿ ಅಂತ ರಾಜಿಯಾಗಿ, ಒಂದು ಲೀಟರಿನ ಫ್ಲಾಸ್ಕ್ ದಿನಕ್ಕೆ ಎರಡು ಸಲ ತುಂಬಿತು. ಸಬ್ಬಸಿಗೆ ಎರಡು ಚಮಚದಿಂದ ಒಂದು ಬಟ್ಟಲಿಗೆ ಬಂತು. ಹಣ್ಣಿನ ಬದಲು ರಾತ್ರಿ ನೆನೆಸಿದ ಒಣದ್ರಾಕ್ಷಿ. ಹೀರೇಕಾಯಿ ಸಿಪ್ಪೆ ಸಮೇತ ಬೇಯಿಸಿದಳು. ಮುದ್ದೆ ಮಾತ್ರ ಜಪ್ಪಯ್ಯ ಅಂದರೂ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯನ್ನೇ ಮೊಬೈಲಲ್ಲಿ ತೋರಿಸಿದೆ: 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. "ಮಗೂಗೆ ಶೀತ ಆದ್ರೆ ಹೈದರಾಬಾದಿನವರು ಬಂದು ನೋಡ್ಕೋತಾರಾ?" ಅಂದಳು.

ಇಸಬ್‌ಗೋಲ್ ಬಗ್ಗೆ ಒಂದು ಮಾತು. ಮೊದಲ ರಾತ್ರಿ ಅರ್ಧ ಲೋಟ ನೀರಿಗೆ ಹಾಕಿ ಮಗು ಅತ್ತಿತು ಅಂತ ಎದ್ದು ಹೋದೆ. ವಾಪಸ್ ಬರೋ ಹೊತ್ತಿಗೆ ಲೋಟ ತಲೆಕೆಳಗು ಮಾಡಿದರೂ ಬೀಳದಷ್ಟು ಲೋಳೆ. ಅದು ನೀರು ಹೀರಿ ಉಬ್ಬುವ ಹೊಟ್ಟು, ತುಂಬಿದ ಲೋಟಕ್ಕೆ ಒಂದು ಚಮಚ ಹಾಕಿ ತಿರುವಿ ತಕ್ಷಣ ಕುಡಿಯಬೇಕು, ಮೇಲೆ ಇನ್ನೊಂದು ಲೋಟ ನೀರು ಕುಡಿದರೆ ಒಳ್ಳೇದು. ನೀರು ಕಡಿಮೆಯಾದರೆ ಒಳಗೂ ಅದೇ ಕಥೆ, ಮಲಬದ್ಧತೆ ಇನ್ನೂ ಬಿಗಿಯಾಗುತ್ತೆ.

ನಾಲ್ಕನೇ ದಿನ ಮಲ ಸಡಿಲವಾಯಿತು. ವಾರಕ್ಕೆ ರಕ್ತ ನಿಂತಿತು. ಗಂಟು ಕುಗ್ಗೋದಕ್ಕೆ ಮಾತ್ರ ಒಂದು ತಿಂಗಳು ಹಿಡಿಯಿತು. ನಡುವೆ ಒಂದೇ ಸಲ ಅಷ್ಟು ಸೊಪ್ಪು ತಿಂದಿದ್ದಕ್ಕೆ ಹೊಟ್ಟೆಯುಬ್ಬರ, ಗ್ಯಾಸ್. ಅದೇ ವಾರ ಮಗಳು ಸಂಜೆ ಹೊತ್ತು ಚೀರಿದರೆ "ನೋಡು, ನಿನ್ನ ವಾಯು ಅದಕ್ಕೆ ಹೋಗಿದೆ" ಅಂತ ಅಮ್ಮ. ಚೀರೋದು ಬಾಣಂತಿ ಸಾರು ತಿಂದಾಗಲೂ ಇತ್ತು, ಆದರೆ ಯಾರು ವಾದ ಮಾಡ್ತಾರೆ.

ಹೋದ ತಿಂಗಳು ತಂಗಿಯ ಹೆರಿಗೆ ಆಯಿತು. ಆಸ್ಪತ್ರೆಯಿಂದ ಬಂದ ದಿನವೇ ಅಮ್ಮ ಯಾರೂ ಕೇಳದೆ ಫ್ಲಾಸ್ಕ್ ತುಂಬಿಸಿ ಅವಳ ತಲೆದಿಂಬಿನ ಹತ್ತಿರ ಇಟ್ಟಳು. ಯಾಕೆ ಅಂತ ಹೇಳಲಿಲ್ಲ. ಮುದ್ದೆ ಮಾತ್ರ ಮೂರು ತಿಂಗಳು ಆಗಲಿ ಅಂದಿದ್ದಾಳೆ.