ಮಿಸೈಲ್ ಇರುವಾಗ ಫೈಟರ್ ವಿಮಾನಕ್ಕೆ ಗನ್ ಯಾಕೆ?

ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂಗೆ ಯಾರನ್ನು ಕರೆದುಕೊಂಡು ಹೋದರೂ ಈ ಪ್ರಶ್ನೆ ಬಂದೇ ಬರುತ್ತದೆ. ಅಲ್ಲಿರುವ ಮಾರುತ್ ವಿಮಾನದ ಮೂತಿ ತೋರಿಸಿ, ಇದರಲ್ಲಿ ನಾಲ್ಕು ಗನ್ ಇದ್ದವು ಅಂತ ನಾನು ಶುರು ಮಾಡುತ್ತೇನೆ. "ಸರಿ, ಅದು ಆ ಕಾಲ. ತೇಜಸ್‌ನಲ್ಲೂ ಗನ್ ಇದೆಯಂತಲ್ಲ, ಈಗ್ಯಾಕೆ?" ಅನ್ನುತ್ತಾರೆ.

ಸಣ್ಣ ಉತ್ತರ ಹೀಗೆ. ಮಿಸೈಲ್ ಗುರಿ ಹಿಡಿಯಲು ಒಂದಿಷ್ಟು ದೂರ ಬೇಕು. ಶತ್ರು ತೀರಾ ಹತ್ತಿರ ಬಂದುಬಿಟ್ಟರೆ ಅದು ಕೆಲಸಕ್ಕೆ ಬರುವುದಿಲ್ಲ. ಬಿಸಿ ಹುಡುಕಿಕೊಂಡು ಹೋಗುವ ಮಿಸೈಲ್‌ಗೆ ಉರಿಯುವ ಫ್ಲೇರ್ ಎಸೆದು ಮಂಕುಬೂದಿ ಎರಚಬಹುದು. ಗುಂಡಿಗೆ ಎರಚಲು ಆಗುವುದಿಲ್ಲ. ಗಡಿ ದಾಟಿ ಬಂದ ವಿಮಾನಕ್ಕೆ ಸುಮ್ನೆ ಎಚ್ಚರಿಕೆ ಕೊಡಬೇಕು ಅಂದರೂ ಗನ್ನೇ ಬೇಕು.

ಆದರೆ ನನಗೆ ಇಷ್ಟ ಉದ್ದದ ಉತ್ತರ. ಅದೆಲ್ಲ ಒಂದು ಸೆಕೆಂಡಿನ ಲೆಕ್ಕ. ಆಕಾಶದಲ್ಲಿ ಶತ್ರು ನಿಮ್ಮ ಗನ್ನಿನ ಮುಂದೆ ನಿಲ್ಲುವುದು ಒಂದೋ ಎರಡೋ ಸೆಕೆಂಡು. ಅಷ್ಟರಲ್ಲಿ ಎಷ್ಟು ಗುಂಡು ಹಾರಿಸಬಹುದು, ಒಂದೊಂದೂ ಎಷ್ಟು ದೊಡ್ಡದು?

1940ರ ಬ್ರಿಟನ್‌ಗೆ ಹೋಗೋಣ. ಅವರ ಫೈಟರ್ ವಿಮಾನ ಸ್ಪಿಟ್‌ಫೈರ್‌ನಲ್ಲಿ ಎಂಟು ಮೆಷಿನ್ ಗನ್ ಇದ್ದವು. ಆದರೆ ಗುಂಡು ರೈಫಲ್ ಗುಂಡಿನಷ್ಟೇ. ಜರ್ಮನ್ ಬಾಂಬರ್‌ಗಳು ಮೈಯೆಲ್ಲ ತೂತು ಮಾಡಿಸಿಕೊಂಡೂ ಮನೆ ಸೇರುತ್ತಿದ್ದವು. ಹಾಗಾಗಿ 19ನೇ ಸ್ಕ್ವಾಡ್ರನ್‌ಗೆ 20 ಮಿಲಿಮೀಟರಿನ ಹಿಸ್ಪಾನೊ ಕ್ಯಾನನ್ ಇರುವ ಸ್ಪಿಟ್‌ಫೈರ್ ಕೊಟ್ಟರು. ಇದರ ಗುಂಡಿನೊಳಗೆ ಮದ್ದು ತುಂಬಿರುತ್ತದೆ, ತಾಗಿದ ಕಡೆ ಸಿಡಿಯುತ್ತದೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಹಾರಿದರೆ ತಾನೆ! ಆ ಗನ್ ಹುಟ್ಟಿದ್ದು ಗಟ್ಟಿಯಾದ ಇಂಜಿನ್ ಮೇಲೆ ಕೂರಲು. ಇವರು ಅದನ್ನು ಸ್ಪಿಟ್‌ಫೈರ್‌ನ ತೆಳ್ಳನೆ ರೆಕ್ಕೆಯಲ್ಲಿ ಪಕ್ಕಕ್ಕೆ ಮಲಗಿಸಿ ಕೂರಿಸಿದರು. ಯಾಕೆಂದರೆ 60 ಗುಂಡಿನ ಡ್ರಮ್ ನೆಟ್ಟಗೆ ಇಟ್ಟರೆ ಹಿಡಿಸುತ್ತಿರಲಿಲ್ಲ. ರೆಕ್ಕೆ ಬಾಗಿದಾಗೆಲ್ಲ ಗನ್ ಜಾಮ್. ಒಂದು ಕಡೆಯದು ನಿಂತರೆ ಇನ್ನೊಂದರ ಒದೆತಕ್ಕೆ ವಿಮಾನದ ಮೂತಿಯೇ ತಿರುಗಿಹೋಗುತ್ತಿತ್ತು. ಪೈಲಟ್‌ಗಳು ಬೇಸತ್ತು, ನಮ್ಮ ಹಳೇ ಮೆಷಿನ್ ಗನ್ನೇ ವಾಪಸ್ ಕೊಡಿ ಅಂದರು. ಯುದ್ಧ ಜೋರಾಗಿದ್ದ ಸೆಪ್ಟೆಂಬರ್‌ನಲ್ಲೇ ವಾಪಸ್ ಪಡೆದರು ಕೂಡ. ಡ್ರಮ್ ಬದಲು ಬೆಲ್ಟ್ ಬಂದ ಮೇಲೆ ಹಿಸ್ಪಾನೊ ಸರಿಹೋಯಿತು.

ಸರಿಹೋದರೂ ಅದು ಸೆಕೆಂಡಿಗೆ ಹಾರಿಸುತ್ತಿದ್ದದ್ದು ಹತ್ತು ಗುಂಡು. ಗುಂಡು ಒಳಗೆ ಹೋಗಬೇಕು, ಬಾಗಿಲು ಹಾಕಬೇಕು, ಹಾರಬೇಕು, ಖಾಲಿ ತೋಟಾ ಹೊರಗೆ ಬರಬೇಕು. ಒಂದೇ ಕಾವಲಿಯಲ್ಲಿ ದೋಸೆ ಹುಯ್ದ ಹಾಗೆ. ಮೊದಲನೆಯದು ಏಳದೆ ಎರಡನೆಯದು ಇಲ್ಲ.

ಕಾವಲಿ ಹೆಚ್ಚಿಸಿದವರು ಜರ್ಮನಿಯ ಮೌಸರ್ ಕಂಪನಿಯವರು. ನಳಿಗೆ ಒಂದೇ, ಆದರೆ ಅದರ ಹಿಂದೆ ರಿವಾಲ್ವರ್‌ನಂತೆ ತಿರುಗುವ ಹಲವು ಗೂಡುಗಳು. ಒಂದರಲ್ಲಿ ಗುಂಡು ಹಾರುವಾಗ ಇನ್ನೊಂದು ತುಂಬುತ್ತಿರುತ್ತದೆ, ಮತ್ತೊಂದು ಖಾಲಿಯಾಗುತ್ತಿರುತ್ತದೆ. ಅದು ಬಳಕೆಗೆ ಬರುವ ಮೊದಲೇ ಯುದ್ಧ ಮುಗಿಯಿತು. ಗೆದ್ದವರು ಆ ವಿನ್ಯಾಸ ಹಂಚಿಕೊಂಡರು. ಫ್ರಾನ್ಸಿನಲ್ಲಿ ಅದು ಡೆಫಾ ಆಯಿತು, ಅಮೆರಿಕದಲ್ಲಿ ಎಂ39, ಬ್ರಿಟನ್ನಿನಲ್ಲಿ 30 ಮಿಲಿಮೀಟರಿನ ಏಡೆನ್.

ನಮ್ಮ ಮಾರುತ್‌ನ ಮೂತಿಯಲ್ಲಿದ್ದದ್ದು ಇದೇ ಏಡೆನ್. ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ಫೋಕ್-ವುಲ್ಫ್ 190 ಮಾಡಿಕೊಟ್ಟ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ರೂಪಿಸಿದ ವಿಮಾನ ಇದು. 1961ರಲ್ಲಿ ಮೊದಲು ಹಾರಿತು. ಜರ್ಮನಿಯಲ್ಲಿ ಹುಟ್ಟಿದ ಗನ್, ಬ್ರಿಟನ್ ಸುತ್ತಿಕೊಂಡು ಜರ್ಮನ್ ಎಂಜಿನಿಯರ್‌ನ ವಿಮಾನಕ್ಕೆ ಬಂದು ಸೇರಿದ್ದು ನಮ್ಮೂರಿನಲ್ಲಿ. ಒಂದೊಂದೂ ಸೆಕೆಂಡಿಗೆ ಸುಮಾರು 20 ಗುಂಡು. ನಾಲ್ಕನ್ನೂ ಒಟ್ಟಿಗೆ ಹಾರಿಸಿದರೆ ವಿಮಾನವೇ ಗಡಗಡ ನಡುಗುತ್ತಿತ್ತು. ಗನ್ನಿಗೆ 120ರಂತೆ ಗುಂಡು ತುಂಬಿದರೂ ಒತ್ತಿ ಹಿಡಿದರೆ ಆರೇ ಸೆಕೆಂಡಿನಲ್ಲಿ ಖಾಲಿ!

ಅಮೆರಿಕದವರು ಇನ್ನೂ ಹಿಂದಕ್ಕೆ ಹೋದರು. 1860ರ ದಶಕದಲ್ಲಿ ಕೈಯಿಂದ ತಿರುಗಿಸುತ್ತಿದ್ದ ಗ್ಯಾಟ್ಲಿಂಗ್ ಗನ್ನಿನ ಉಪಾಯವನ್ನು ಹೊರತೆಗೆದು, ಆರು ನಳಿಗೆ ತಿರುಗಿಸಲು ಹೊರಗಿನಿಂದ ಶಕ್ತಿ ಕೊಟ್ಟರು. ಅದೇ ವಲ್ಕನ್, ಸೆಕೆಂಡಿಗೆ 100 ಗುಂಡು. (ಇದಕ್ಕೆ ಸಂಬಂಧವಿಲ್ಲದಿದ್ದರೂ ಇದನ್ನು ಹೇಳದೆ ಇರಲಾರೆ: 1956ರಲ್ಲಿ ಅಮೆರಿಕದ ಟೈಗರ್ ಎಂಬ ಜೆಟ್ ಪರೀಕ್ಷೆಯಲ್ಲಿ ಗುಂಡು ಹಾರಿಸಿ, ಡೈವ್ ಮಾಡಿ, ತನ್ನದೇ ಗುಂಡುಗಳಿಗೆ ಸಿಕ್ಕಿ ಉರುಳಿತು. ಪೈಲಟ್ ಬದುಕಿದ.)

ಅಷ್ಟರಲ್ಲಿ ಮಿಸೈಲ್ ಬಂತು. ನೀವು ಕೇಳುವ ಪ್ರಶ್ನೆಯನ್ನೇ ಆಗಿನ ದೊಡ್ಡ ದೊಡ್ಡವರೂ ಕೇಳಿ, ಗನ್ ಬೇಡ ಅಂತ ತೀರ್ಮಾನಿಸಿದರು. ಅಮೆರಿಕದ ಎಫ್-4 ಫ್ಯಾಂಟಮ್ ವಿಮಾನ ಗನ್ ಇಲ್ಲದೆ ವಿಯೆಟ್ನಾಂ ಯುದ್ಧಕ್ಕೆ ಹೋಯಿತು. ಮಿಸೈಲ್‌ಗಳು ಕೈಕೊಟ್ಟವು. ಮೊದಲು ಹೊಟ್ಟೆ ಕೆಳಗೆ ಗನ್ ನೇತುಹಾಕಿದರು, ಆಮೇಲೆ ಎಫ್-4ಇ ಮಾದರಿಯಲ್ಲಿ ಮೂತಿಯೊಳಗೇ ಇಟ್ಟರು.

ನಮಗೂ ಅದೇ ಪಾಠ. ನಾವು ತಂದ ಮಿಗ್-21 ಎಫ್‌ಎಲ್‌ನಲ್ಲಿ ಗನ್ ಇರಲಿಲ್ಲ, ಎರಡೇ ಮಿಸೈಲ್. 1965ರ ಯುದ್ಧ ನೋಡಿದ ಮೇಲೆ ಅದರ ಹೊಟ್ಟೆಗೂ ಒಂದು ಗನ್ ಪಾಡ್, ಅಂದರೆ ಗನ್ ಇಟ್ಟ ಡಬ್ಬಿ, ಕಟ್ಟಿದೆವು. 1971ರ ಡಿಸೆಂಬರ್ 12ರಂದು ಜಾಮ್‌ನಗರದ ಕಡೆ ಬಂದ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಅನ್ನು ನಮ್ಮ ಮಿಗ್-21 ಕೆಡವಿದ್ದು ಆ ಗನ್ನಿನಿಂದಲೇ. ತಮಾಷೆ ನೋಡಿ, ವಲ್ಕನ್‌ಗೆ ಮೊದಲು ಜಾಗ ಕೊಟ್ಟ ವಿಮಾನ ಈ ಸ್ಟಾರ್‌ಫೈಟರೇ.

ಆ ಪಾಡ್‌ನಲ್ಲಿದ್ದದ್ದು ರಷ್ಯಾದ ಜಿಎಸ್‌ಎಚ್-23. ಗ್ರಯಾಜೆವ್ ಮತ್ತು ಶಿಪುನೊವ್ ಎಂಬ ಇಬ್ಬರು ಮಾಡಿದ್ದು. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಜಾಣ ಗನ್ ಇದೇ. ಎರಡು ನಳಿಗೆ, ಮಕ್ಕಳು ಆಡುವ ಸೀಸಾದ ಹಾಗೆ. ಒಂದರಲ್ಲಿ ಗುಂಡು ಹಾರಿದ ಬಲದಿಂದಲೇ ಇನ್ನೊಂದು ತುಂಬಿಕೊಳ್ಳುತ್ತದೆ. ಮೋಟಾರ್ ಬೇಡ. ತೂಕ ಸುಮಾರು 50 ಕೆಜಿ, ಅಂದರೆ ಒಂದು ಮೂಟೆ ಸಿಮೆಂಟಿನಷ್ಟು. ವಲ್ಕನ್ ಇದರ ಎರಡು ಪಟ್ಟಿಗಿಂತ ಜಾಸ್ತಿ. ಆದರೂ ಸೆಕೆಂಡಿಗೆ 50ಕ್ಕಿಂತ ಹೆಚ್ಚು ಗುಂಡು. ಈ ಉಪಾಯ ಮೊದಲು ಹೊಳೆದದ್ದು ಮೊದಲ ಮಹಾಯುದ್ಧದ ಹೊತ್ತಿಗೆ, ಕಾರ್ಲ್ ಗಾಸ್ಟ್ ಎಂಬ ಜರ್ಮನ್‌ಗೆ.

ಈಗಿನ ಕಾಲದಲ್ಲಿ ವಿಮಾನವೊಂದು ಇನ್ನೊಂದನ್ನು ಗನ್ನಿಂದ ಹೊಡೆಯುವುದು ಅಪರೂಪ, ಒಪ್ಪುತ್ತೇನೆ. ಅಮೆರಿಕದ ಫೈಟರ್ ಎಫ್-35ರ ಎರಡು ಮಾದರಿಗಳಲ್ಲಿ ಒಳಗೆ ಗನ್ ಇಲ್ಲ. ಮುಂದೆ ಎಲ್ಲರೂ ಬಿಟ್ಟರೂ ಬಿಡಬಹುದು. ಆದರೆ ಒಮ್ಮೆ ಬಿಟ್ಟು ಏಟು ತಿಂದವರು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ತೇಜಸ್‌ನಲ್ಲಿರುವುದೂ ಇದೇ ಜಿಎಸ್‌ಎಚ್-23. ಯಲಹಂಕದ ಏರೋ ಇಂಡಿಯಾಗೆ ಹೋದರೆ, ರೆಕ್ಕೆ ಕೆಳಗಿನ ಮಿಸೈಲ್‌ಗಳ ಫೋಟೊ ತೆಗೆದಾದ ಮೇಲೆ ಸ್ವಲ್ಪ ಬಗ್ಗಿ, ಇಂಜಿನ್‌ಗೆ ಗಾಳಿ ಹೋಗುವ ಬಾಯಿಯ ಕೆಳಗೆ ನೋಡಿ. ಜೋಡಿ ನಳಿಗೆ ಅಲ್ಲೇ ಇದೆ.