ಜಾಗ ಬಿಟ್ಟು ಮುಂದೆ ಬರೆಯಿರಿ

ಇವತ್ತು ಬೆಳಿಗ್ಗೆ ಕಥೆಯ ಮಧ್ಯೆ ಪೆನ್ನು ನಿಂತಿತು. ಮೊಮ್ಮಗನನ್ನು ಬಸ್ಸು ಹತ್ತಿಸುವಾಗ ಅಜ್ಜಿ ಏನು ಹೇಳುತ್ತಾಳೆ? ಹೊಳೆಯಲೇ ಇಲ್ಲ. "ಅಜ್ಜಿ ಏನೋ ಹೇಳುತ್ತಾಳೆ, ಆಮೇಲೆ ನೋಡೋಣ" ಅಂತಲೇ ಬರೆದು, ಅಡಿಗೆರೆ ಎಳೆದು, ಬಸ್ಸನ್ನು ಹೊರಡಿಸಿಬಿಟ್ಟೆ. ಬಸ್ಸು ಹೊರಟಿದ್ದೇ ತಡ, ಕಥೆಯೂ ಹೊರಟಿತು! ಹುಡುಗ ಟಿಕೆಟ್ ತೆಗೆಸಲು ಜೇಬಿಗೆ ಕೈ ಹಾಕಿದರೆ ಅಲ್ಲಿ ಅಜ್ಜಿ ಯಾವಾಗಲೋ ತುರುಕಿದ್ದ, ನಾಲ್ಕು ಮಡಿಕೆಯ ಐವತ್ತರ ನೋಟು. ಅವಳು ಹೇಳಬೇಕಾದದ್ದೆಲ್ಲ ಅದರಲ್ಲೇ ಇತ್ತು. ಮಾತೇ ಬೇಕಿರಲಿಲ್ಲ. ಮುಂದಿನ ಪುಟಕ್ಕೆ ಹೋಗದೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಚೆನ್ನಾಗಿ ಬರಲಿ ಅಂತ ಕಾಯುವುದನ್ನೇ ನಾವು ಶ್ರದ್ಧೆ ಅಂದುಕೊಳ್ಳುತ್ತೇವೆ, ಅಲ್ವಾ? ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಬರೆಯಲು 1936ರಿಂದ 1946ರವರೆಗೆ ತೆಗೆದುಕೊಂಡರು, ನಿಜ. ಆದರೆ ಅದು ಬರೆಯುತ್ತಾ ಹಿಡಿದ ಕಾಲ. ಸುಮ್ನೆ ಖಾಲಿ ಹಾಳೆ ಮುಂದಿಟ್ಟುಕೊಂಡು ಕೂರುವುದೇ ಬೇರೆ.

ನಿಮ್ಮ ಹತ್ತಿರ ಅರ್ಧಕ್ಕೇ ನಿಂತ ಕಥೆ ಇದ್ದರೆ, ಅಡ್ಡ ಬಂದ ಸಾಲನ್ನು ಹಾಗೇ ಬಿಟ್ಟು ಮುಂದಿನ ದೃಶ್ಯ ಬರೆದು ನೋಡಿ. ನನಗೂ ಕಳಿಸಿ. ತಿದ್ದದೇ ಇದ್ದರೂ ಪರವಾಗಿಲ್ಲ, ಖಂಡಿತ ಓದುತ್ತೇನೆ.